ಪ್ರಯೋಗಶಾಲೆಯ ಹೊರಗೆ: ಕಡಲತಡಿಯ ಗೋಮಾಳ



ಕಳೆದ ಸಂಚಿಕೆಯಲ್ಲಿ ಸೋಪು ಮತ್ತು ಗಡಸು ನೀರಿನ ವಿಚಾರ ಬರೆದಿದ್ದೆ. ರಜೆಯ ದಿನ ಗಾಲ್ಫ್ ಆಡುತ್ತೇನೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ. ಸೋಪಿನ ಬಗ್ಗೆ ಒಬ್ಬರೂ ಬರೆಯಲಿಲ್ಲ. ಗಾಲ್ಫಿನ ಬಗ್ಗೆ ಮೂರು ಕಾಗದ ಬಂದವು. ಮೂರರ ಸಾರಾಂಶವೂ ಒಂದೇ: "ಅದು ಸಾಹೇಬರ ಆಟವಲ್ಲವೆ? ನಿಮಗೇಕಮ್ಮ ಅದರ ಉಸಾಬರಿ?"

ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಹೈ ಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗ ನಮ್ಮಂಥವರಿಗೆ ಕಾಣುತ್ತಿದ್ದದ್ದು ಬೇಲಿ, ಬೇಲಿಯ ಸಂದಿಯಲ್ಲಿ ಒಂದಿಷ್ಟು ಹಸುರು, ಅಷ್ಟೆ. ಆದರೆ ಆಟ ಬೆಳೆದುಬಂದ ನೆಲವನ್ನೇ ನೋಡಿದರೆ ಕಥೆ ಬೇರೆ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸೇಂಟ್ ಆಂಡ್ರೂಸ್ ಎಂಬ ಊರಿದೆ. ಅಲ್ಲಿಯ ಓಲ್ಡ್ ಕೋರ್ಸ್ ಗಾಲ್ಫ್ ಆಡುವವರಿಗೆಲ್ಲ ಕಾಶಿ ಇದ್ದಂತೆ. ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು, ಊರಿಗೂ ಆಟದ ನೆಲಕ್ಕೂ ನಡುವೆ ದೊಡ್ಡ ಬೇಲಿಯೇ ಇಲ್ಲವೆಂಬುದು. ಮೊದಲನೆಯ ಮತ್ತು ಹದಿನೆಂಟನೆಯ ಗುಳಿಯ ಹಾದಿಗೆ ಅಡ್ಡಲಾಗಿ ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಎಂಬ ಸಾರ್ವಜನಿಕ ರಸ್ತೆಯೇ ಹಾದುಹೋಗುತ್ತದೆ. ಕೈಚೀಲ ಹಿಡಿದ ಅಜ್ಜಿ ಆ ರಸ್ತೆ ದಾಟುವವರೆಗೆ ಎಂಥ ಆಟಗಾರನಾದರೂ ಕೋಲು ಹಿಡಿದು ಕಾಯಬೇಕು.

ಇಂಥ ನೆಲಕ್ಕೆ ಲಿಂಕ್ಸ್ ಎಂದು ಹೆಸರು. ಸಮುದ್ರಕ್ಕೂ ಉಳುವ ಹೊಲಕ್ಕೂ ನಡುವೆ ಉಳಿದ ಮರಳುದಿಬ್ಬಗಳ ಪಟ್ಟಿ ಅದು. ರಸಾಯನಶಾಸ್ತ್ರದವಳ ಕಣ್ಣಿನಿಂದ ನೋಡಿದರೆ ಅದರ ಗುಣವೆಲ್ಲ ಅದರ ಬಡತನದಿಂದ ಬಂದದ್ದು. ಮರಳು ನೀರನ್ನೂ ಹಿಡಿದಿಡುವುದಿಲ್ಲ, ಸಾರವನ್ನೂ ಹಿಡಿದಿಡುವುದಿಲ್ಲ. ಆದುದರಿಂದ ಸೊಂಪಾದ ಹುಲ್ಲು ಅಲ್ಲಿ ಬೆಳೆಯದು. ಫೆಸ್ಕ್ಯೂ ಎಂಬ ಸಣ್ಣ ಎಳೆಯ, ಗಟ್ಟಿ ಜೀವದ ಹುಲ್ಲು ಮಾತ್ರ ಬದುಕುತ್ತದೆ. ರಾತ್ರಿ ಸುರಿದ ಮಳೆ ಬೆಳಗಾಗುವುದರೊಳಗೆ ಇಂಗಿರುತ್ತದೆ. ನೆಲ ಗಟ್ಟಿ, ಹುಲ್ಲು ಗಿಡ್ಡ. ಚೆಂಡು ಬಿದ್ದ ಮೇಲೂ ಪುಟಿಯುತ್ತ ಬಹು ದೂರ ಓಡುತ್ತದೆ. ಗಾಳಿಗೆ ಮರೆ ಹುಡುಕಿ ಕುರಿಗಳು ಮುದುರಿ ಕುಳಿತ ತಗ್ಗುಗಳೇ ಇಂದಿನ ಬಂಕರುಗಳೆಂಬ ಮರಳ ಗುಂಡಿಗಳಾದವೆಂದು ಊರವರು ಹೇಳುತ್ತಾರೆ. ಓಲ್ಡ್ ಕೋರ್ಸಿನಲ್ಲಿ ಅಂಥವು 112 ಇವೆ.

ಇಲ್ಲಿ ಆಡಲು ಯಾರ ಶಿಫಾರಸೂ ಬೇಕಿಲ್ಲ. ಎರಡು ದಿನ ಮುಂಚೆ ಹೆಸರು ಕೊಟ್ಟರೆ ಚೀಟಿ ಎತ್ತುತ್ತಾರೆ. ಹೊರಗಿನವರು ಬೇಸಿಗೆಯಲ್ಲಿ 300 ಪೌಂಡಿಗೂ ಮೇಲೆ ಕೊಡಬೇಕೆಂಬುದನ್ನು ಮುಚ್ಚಿಡಲಾರೆ. ನಾನು ಅಡಿಗೆಮನೆಯ ಡಬ್ಬಿಯಲ್ಲಿ ಕೂಡಿಟ್ಟು ಹೋದವಳು. ಊರಿನ ನಿವಾಸಿಗಳಿಗೆ ಕಡಮೆ ದರದಲ್ಲಿ ವರ್ಷದ ಟಿಕೆಟ್ಟು ಉಂಟು. ನನಗೂ ಪ್ರಯೋಗಶಾಲೆಯ ಗೆಳತಿಗೂ ಚೀಟಿ ಬಂದದ್ದು ಒಂದು ಮಂಗಳವಾರ. ಒಂಬತ್ತು ಗುಳಿಗಳ ತನಕ ಊರಿನಿಂದ ಆಚೆಗೆ ನಡೆಯಬೇಕು, ಮಿಕ್ಕ ಒಂಬತ್ತಕ್ಕೆ ಊರಿನ ಕಡೆ ತಿರುಗಬೇಕು. ಆ ದಿನ ಹೋಗುವಾಗ ಗಾಳಿ ಬೆನ್ನಿಗಿತ್ತು, ಬರುವಾಗ ಎದೆಗಿತ್ತು. ಚೆಂಡನ್ನು ಎತ್ತಿ ಹೊಡೆದರೆ ಅದು ಗಾಳಿಯ ಸೊತ್ತು. ನೆಲದ ಮೇಲೆ ಉರುಳಿಸಿದರೆ ನಮ್ಮ ಸೊತ್ತು. ಚಿಕ್ಕಂದಿನಲ್ಲಿ ಗೋಲಿಯಾಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನೆಲದ ಏರು ತಗ್ಗು ನೋಡಿ, ನೇರವಾಗಿ ಗುಳಿಗೆ ಗುರಿಯಿಡದೆ, ದಿಬ್ಬ ಎತ್ತ ತಿರುಗಿಸುವುದೋ ಅತ್ತ ಬಿಡುವುದು.

ಹೋಗುವವರೂ ಬರುವವರೂ ಒಂದೇ ಹಸುರನ್ನು ಹಂಚಿಕೊಳ್ಳುವುದು ಇಲ್ಲಿಯ ವಿಶೇಷ. ಏಳು ದೊಡ್ಡ ಗ್ರೀನುಗಳಲ್ಲಿ ಎರಡೆರಡು ಗುಳಿಗಳಿವೆ: ಎರಡನೆಯದರ ಜೊತೆ ಹದಿನಾರನೆಯದು, ಮೂರರ ಜೊತೆ ಹದಿನೈದು, ಹೀಗೆ. ಯಾವ ಜೋಡಿಯನ್ನು ಕೂಡಿದರೂ 18. ಮಕ್ಕಳಿಗೆ ಲೆಕ್ಕ ಹಾಕಲು ಕೊಡಿ. ಹದಿನಾಲ್ಕನೆಯ ಗುಳಿಯ ಹಾದಿಯಲ್ಲಿ ನರಕವೆಂದೇ ಹೆಸರಾದ ಆಳವಾದ ಬಂಕರ್ ಇದೆ. ಅದನ್ನು ಬಳಸಿ ಹೋಗಲು ಬುದ್ಧಿವಂತರು ಎಡಕ್ಕೆ, ಐದನೆಯ ಗುಳಿಯ ಹಾದಿಗೆ ಹೊಡೆಯುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಎದುರಿನಿಂದ ಬರುವವರು ನಿಂತು ದಾರಿ ಬಿಟ್ಟರು.

ನನ್ನ ಕಸುಬಿಗೆ ಸೇರಿದ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. ಮೊದಲು ಇಲ್ಲಿ ಆಡುತ್ತಿದ್ದದ್ದು ತೊಗಲಿನೊಳಗೆ ಹಕ್ಕಿಯ ಪುಕ್ಕವನ್ನು ಬೇಯಿಸಿ ತುರುಕಿದ ಚೆಂಡು. ಒಬ್ಬ ಕುಶಲಿ ದಿನವೆಲ್ಲ ಕುಳಿತರೂ ಮೂರೋ ನಾಲ್ಕೋ ಆಗುತ್ತಿದ್ದವು. ಆದ್ದರಿಂದ ಚೆಂಡು ಬಡವರಿಗೆ ಎಟುಕುತ್ತಿರಲಿಲ್ಲ. 1848ರ ಸುಮಾರಿಗೆ ಮಲಯದ ಮರದ ಹಾಲಿನಿಂದ ಬರುವ ಗಟ್ಟಾಪರ್ಚಾ ಬಂತು. ನಮ್ಮ ರಬ್ಬರೂ ಇದೂ ಒಂದೇ ಪರಮಾಣುಗಳ ಸರಪಳಿ. ರಬ್ಬರಿನಲ್ಲಿ ಸರಪಳಿಯ ಕೊಂಡಿಗಳು ಒಂದೇ ಮಗ್ಗುಲಿಗೆ ಬಾಗಿರುತ್ತವೆ, ಇದರಲ್ಲಿ ಎದುರುಬದುರು. ಅಷ್ಟರಿಂದಲೇ ಒಂದು ಎಳೆದರೆ ಹಿಗ್ಗುತ್ತದೆ, ಇನ್ನೊಂದು ಗಟ್ಟಿಯಾಗಿ ನಿಲ್ಲುತ್ತದೆ. ಬಿಸಿ ನೀರಿನಲ್ಲಿ ಅದ್ದಿ ಮೆದು ಮಾಡಿ ಉಂಡೆ ಕಟ್ಟಿದರಾಯಿತು, ಚೆಂಡು ಸಿದ್ಧ. ಬೆಲೆ ಬಿತ್ತು, ಸಾಮಾನ್ಯರೂ ಆಡತೊಡಗಿದರು. ಪುಕ್ಕದ ಚೆಂಡು ಮಾಡುವುದರಲ್ಲಿ ಪ್ರಸಿದ್ಧನಾದ ಅಲನ್ ರಾಬರ್ಟ್‌ಸನ್ನನಿಗೂ ಅವನ ಕೈಕೆಳಗಿನ ಟಾಮ್ ಮಾರಿಸ್‌ನಿಗೂ ಇದೇ ಕಾರಣಕ್ಕೆ ಜಗಳವಾಗಿ ಇಬ್ಬರೂ ಬೇರೆಯಾದರು. ನುಣುಪಾದ ಹೊಸ ಚೆಂಡಿಗಿಂತ ಏಟು ತಿಂದು ಗಾಯವಾದ ಚೆಂಡೇ ಚೆನ್ನಾಗಿ ಹಾರುತ್ತದೆಂದು ಆಡುವವರೇ ಕಂಡುಕೊಂಡರು. ಇಂದಿನ ಚೆಂಡಿನ ಮೈಮೇಲಿನ ಸಣ್ಣ ಕುಳಿಗಳು ಆ ಗಾಯಗಳ ಮೊಮ್ಮಕ್ಕಳು.

ಇನ್ನು ನೆಲದ ಮಾತು. ಕಳೆದ ಬೇಸಿಗೆಯಲ್ಲಿ ಅಪ್ಪ ಊರಿನಿಂದ ಬಂದಿದ್ದರು. ಹಾಸನ ಜಿಲ್ಲೆಯಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಓಲ್ಡ್ ಕೋರ್ಸಿನಲ್ಲಿ ಭಾನುವಾರ, ದೊಡ್ಡ ಪಂದ್ಯಗಳಿದ್ದಾಗ ಬಿಟ್ಟರೆ, ಆಟವಿಲ್ಲ. ಯಾರು ಬೇಕಾದರೂ ಅಡ್ಡಾಡಬಹುದು. ಅಂಥ ಒಂದು ಭಾನುವಾರ ಅವರನ್ನು ಕರೆದುಕೊಂಡು ಹೋದೆ. ನಾಯಿ ಆಡಿಸುವವರು, ಮಗುವಿನ ಗಾಡಿ ತಳ್ಳುವವರು, ಬುತ್ತಿ ಬಿಚ್ಚಿ ಕುಳಿತವರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಅರ್ಧ ಮೈಲಿ ಮಾತಿಲ್ಲದೆ ನಡೆದರು. ಆಮೇಲೆ, "ಇದು ಗೋಮಾಳ ಕಣೇ," ಎಂದರು.

"ಹೇಗಪ್ಪ?"

"ಉಳುವುದಕ್ಕೆ ಬಾರದ ನೆಲ, ಊರಿನ ಅಂಚಿಗಿದೆ, ಕುರಿ ಮೇಯಿಸಿದ ಗುರುತಿದೆ, ದಾರಿ ಎಲ್ಲರದೂ. ಇನ್ನೇನು ಬೇಕು? ನಮ್ಮಲ್ಲಿ ನೂರು ದನಕ್ಕೆ ಮೂವತ್ತು ಎಕರೆ ಅಂತ ಲೆಕ್ಕ. ಇಲ್ಲಿ ಎಷ್ಟೋ?"

ಅಪ್ಪನ ಮಾತು ಅಕ್ಷರಶಃ ನಿಜ. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ನನಿಗೆ ಇಲ್ಲಿ ಮೊಲ ಸಾಕಲು ಅಪ್ಪಣೆ ಸಿಕ್ಕಿತು. ಆ ಪತ್ರದಲ್ಲಿಯೇ ದನಕುರಿ ಮೇಯಿಸುವ, ಗಾಲ್ಫ್ ಆಡುವ, ಕಾಲ್ಚೆಂಡು ಆಡುವ ಹಕ್ಕು ಊರವರದೆಂದು ಬರೆದಿದೆ. 1797ರಲ್ಲಿ ಊರಿನ ಆಡಳಿತ ಸಾಲದಲ್ಲಿ ಮುಳುಗಿ ನೆಲವನ್ನು ಮಾರಿತು, ಕೊಂಡವರು ಮೊಲದ ವ್ಯಾಪಾರಕ್ಕಿಳಿದರು, ಹುಲ್ಲೆಲ್ಲ ಬಿಲವಾಯಿತು. ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಜಮೀನುದಾರ ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ನೆಲ ಮತ್ತೆ ಊರಿಗೆ ಬಂತು. 1974ರ ಕಾಯಿದೆಯಂತೆ ಒಂದು ಟ್ರಸ್ಟು ಅದನ್ನು ನೋಡಿಕೊಳ್ಳುತ್ತಿದೆ. 1958ರಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್‌ನಿಗೆ ಊರಿನ ಗೌರವ ಪೌರತ್ವ ಕೊಟ್ಟಾಗ ಜೊತೆಗೆ ಬಂದ ಹಕ್ಕುಗಳೇನು ಗೊತ್ತೆ? ಲಿಂಕ್ಸಿನಲ್ಲಿ ಮೊಲ ಹಿಡಿಯುವುದು, ಹುಲ್ಲುಹೆಂಟೆ ಅಗೆಯುವುದು, ಒಗೆದ ಬಟ್ಟೆ ಒಣಹಾಕುವುದು!

ಆಟದ ನಿಯಮ ಬರೆದು ಹೆಸರಾದ ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬಿನ ಕಲ್ಲುಕಟ್ಟಡ ಮೊದಲನೆಯ ಗುಳಿಯ ಹಾದಿಯ ಬುಡದಲ್ಲೇ ಇದೆ. ನೋಡಿದವರು ನೆಲವೂ ಅವರದೇ ಎಂದುಕೊಳ್ಳುತ್ತಾರೆ, ಅಲ್ಲ. ಆ ಕ್ಲಬ್ಬು ಹೆಂಗಸರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲು ಒಪ್ಪಿದ್ದು 2014ರಲ್ಲಿ. ಊರಿನ ಹೆಂಗಸರಾದರೋ 1867ರಷ್ಟು ಹಿಂದೆಯೇ ಪಕ್ಕದಲ್ಲಿ ತಮ್ಮದೇ ಸಂಘ ಕಟ್ಟಿ ಚೆಂಡುರುಳಿಸುತ್ತಿದ್ದರು. ಸಾಹೇಬರದ್ದು ಕಟ್ಟಡ; ನೆಲ ಎಂದೂ ಅವರೊಬ್ಬರದೇ ಆಗಿರಲಿಲ್ಲ. ಕಾಗದ ಬರೆದ ಮೂವರಿಗೂ ನನ್ನ ಉತ್ತರ ಇಷ್ಟೆ.

ಹಿಂದಿರುಗುವಾಗ ಅಪ್ಪನನ್ನು ನಮ್ಮೂರ ಗೋಮಾಳದ ಬಗ್ಗೆ ಕೇಳಿದೆ. "ಒಂದು ಪಾಲು ಬಗರ್ ಹುಕುಂ ಸಾಗುವಳಿಯಲ್ಲಿ ಇಲ್ಲದವರಿಗೆ ಹೋಯಿತು, ಅದು ಸರಿ. ಮಿಕ್ಕದ್ದು ಇದ್ದವರಿಗೇ ಹೋಯಿತು. ಕೇಳಬೇಕಾದವರೆಲ್ಲ ಊರು ಬಿಟ್ಟಿದ್ದರು," ಎಂದರು. ಆ 'ಬಿಟ್ಟವರು' ಯಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಸೇಂಟ್ ಆಂಡ್ರೂಸಿನವರು ನೆಲ ಉಳಿಸಿಕೊಂಡದ್ದು ಪುಣ್ಯದಿಂದಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ನಾಲ್ಕು ಜನ ಊರಿನಲ್ಲೇ ಇದ್ದು ಹಳೆಯ ಪತ್ರ ಹಿಡಿದು ತಕರಾರು ತೆಗೆದದ್ದರಿಂದ. ರಜೆಗೆ ಊರಿಗೆ ಹೋದಾಗ ದೇವಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಗೋಮಾಳ ಎಷ್ಟು ಉಳಿದಿದೆಯೆಂದು ನಾವೂ ಒಮ್ಮೆ ವಿಚಾರಿಸಬಹುದು. ಪಹಣಿ ಯಾರು ಬೇಕಾದರೂ ತೆಗೆಸಬಹುದು.

ಈ ಕಡೆ ಬರುವ ಕುಟುಂಬಗಳು ಎರಡು ದಿನ ಇರುವಂತೆ ಬನ್ನಿ. ಶನಿವಾರ ಆ ಹೆಂಗಸರ ಸಂಘದ ಏರುತಗ್ಗಿನ ಹುಲ್ಲುಹಾಸಿನಲ್ಲಿ ಸಾರ್ವಜನಿಕರಿಗೆ ಬಿಟ್ಟ ಹೊತ್ತು ನೋಡಿಕೊಂಡು ಮಕ್ಕಳನ್ನು ಆಡಲು ಬಿಡಿ. ಕೆಲವೇ ಪೌಂಡು, ಕೋಲು ಚೆಂಡು ಅವರೇ ಕೊಡುತ್ತಾರೆ. ಅದರ ಹೆಸರು ಹಿಮಾಲಯ! ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಓಲ್ಡ್ ಕೋರ್ಸಿನಲ್ಲಿ ನಡೆಯಿರಿ. ಗ್ರೀನುಗಳ ಮೇಲೂ ಬಂಕರುಗಳೊಳಗೂ ಕಾಲಿಡಬೇಡಿ, ಗಾಳಿಗೆ ಹೊದಿಕೆ ತನ್ನಿ.

ಮುಂದಿನ ಸಂಚಿಕೆಯಲ್ಲಿ: ಹುಣಸೆಹಣ್ಣು ಹಿತ್ತಾಳೆ ಪಾತ್ರೆಯನ್ನು ಏಕೆ ಬೆಳಗುತ್ತದೆ.