ಬಡವನ ಫೋನಿನಲ್ಲಿ ಕದಿಯುವುದೇನಿದೆ?



"ನಮ್ಮಂಥವರ ಫೋನಿನಲ್ಲಿ ಕದಿಯೋದಕ್ಕೆ ಏನಿದೆ? ಹೋದರೆ ಫೋನು ಹೋಯಿತು, ಅಷ್ಟೇ." ಹಿಂದೂಪುರದ ರೈಲು ನಿಲ್ದಾಣದಲ್ಲಿ, ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ತೋಟದ ಲೈನುಮನೆಗಳಲ್ಲಿ ಎಲ್ಲ ಕಡೆಯೂ ಈ ಮಾತು ಕೇಳುತ್ತೇವೆ. ಈ ಮಾತು ಸುಳ್ಳು. ಇದರಿಂದ ಲಾಭವಾಗುವುದು ಕಳ್ಳನಿಗೆ ಮತ್ತು ನಮ್ಮ ದೂರನ್ನು ಕೇಳಲು ಮನಸ್ಸಿಲ್ಲದವರಿಗೆ ಮಾತ್ರ.

ಹಿಂದೆ ಕೂಲಿಯನ್ನು ಕೈಗೆ ಎಣಿಸಿ ಕೊಡುತ್ತಿದ್ದರು. ಅದನ್ನು ಕದಿಯಬೇಕಾದರೆ ಕಳ್ಳನು ನಮ್ಮ ಸೊಂಟದ ಸಂಚಿಗೇ ಕೈ ಹಾಕಬೇಕಿತ್ತು. ಈಗ ಕೂಲಿ ಬ್ಯಾಂಕಿಗೆ ಬರುತ್ತದೆ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿ 2ರಂದು ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲೇ ಆರಂಭವಾಯಿತು. ಆ ಯೋಜನೆಯ ಕೂಲಿಗೂ 2024ರ ಜನವರಿ 1ರಿಂದ ಆಧಾರ್ ಮೂಲಕವೇ ಪಾವತಿ ಎಂದು ಕಡ್ಡಾಯ ಮಾಡಿದರು. ಪಿಂಚಣಿ, ರೇಷನ್, ಗ್ಯಾಸಿನ ಸಬ್ಸಿಡಿ ಎಲ್ಲಕ್ಕೂ ಅದೇ ಆಧಾರ್ ಸಂಖ್ಯೆ. ಮನೆಯ ಎಲ್ಲ ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಹಾಕಿ, ಆ ಗೊಂಚಲನ್ನು ಫೋನಿಗೆ ಕಟ್ಟಿ ನಮ್ಮ ಕೈಗೆ ಕೊಟ್ಟರು. ಅದನ್ನು ಕಾಪಾಡುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಕಳ್ಳನ ಕೆಲಸ ಹೇಗೆ ನಡೆಯುತ್ತದೆ ನೋಡಿ. "ನನ್ನ ಫೋನಿಗೆ ಲಾಕ್ ಇದೆ" ಎಂದು ನಾವು ನಂಬಿರುತ್ತೇವೆ. ಅವನು ಲಾಕಿನ ಗೋಜಿಗೇ ಹೋಗುವುದಿಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕುತ್ತಾನೆ. ಬ್ಯಾಂಕು ಕಳಿಸುವ ಓಟಿಪಿ ಆ ಫೋನಿಗೇ ಬರುತ್ತದೆ. ಯುಪಿಐಗೆ ಹೊಸ ಪಿನ್ ಹಾಕಲು ಎಟಿಎಂ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡಿನ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಜೊತೆಗೆ ಓಟಿಪಿ ಸಾಕು. ಆ ಕಾರ್ಡು ಫೋನಿನ ಕವರಿನಲ್ಲೇ ಸಿಕ್ಕಿಸಿದ್ದರೆ? ಪಿನ್ ಬರೆದ ಚೀಟಿಯೂ ಅದರ ಹಿಂದೆಯೇ ಇದ್ದರೆ? ಆಗ ಕಳ್ಳನಿಗೆ ಕಷ್ಟವೇ ಇಲ್ಲ.

ಇಷ್ಟಾದ ಮೇಲೆ ಬ್ಯಾಂಕಿಗೆ ಹೋದರೆ ಬರುವ ಮೊದಲ ಪ್ರಶ್ನೆ: "ಓಟಿಪಿ ಯಾರಿಗೆ ಕೊಟ್ಟೆ?" ತಪ್ಪು ನಮ್ಮದೇ ಎಂದು ಮೊದಲೇ ತೀರ್ಮಾನ! ಆದರೆ 2023ರಲ್ಲಿ ಕರ್ನಾಟಕದಲ್ಲಿ ನಡೆದದ್ದೇನು? ಜಮೀನು, ಮನೆ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದರು. ಹಣ ಕಳೆದುಕೊಂಡವರು ಯಾರಿಗೂ ಓಟಿಪಿ ಕೊಟ್ಟಿರಲಿಲ್ಲ. ಆ ದಾರಿಯಲ್ಲಿ ಓಟಿಪಿ ಬೇಕಾಗಿಯೇ ಇರಲಿಲ್ಲ. ಪಿನ್ ಹೋದರೆ ಬೇರೆ ಹಾಕಬಹುದು. ಬೆರಳನ್ನು ಬದಲಾಯಿಸಲು ಆಗುತ್ತದೆಯೇ? ನಮ್ಮ ಗುರುತನ್ನು ಕೇಳಿ ಪಡೆದವರಿಗೆ ಅದನ್ನು ಕಾಯುವ ಹೊಣೆ ಇಲ್ಲವೇ?

ಈ ಪ್ರಶ್ನೆ ನಮ್ಮ ಹತ್ತಿರದವರಿಗೂ ಸಲ್ಲುತ್ತದೆ. "ನಿನಗೆ ತಿಳಿಯುವುದಿಲ್ಲ, ಕಾರ್ಡು ನನ್ನ ಹತ್ತಿರವೇ ಇರಲಿ" ಎನ್ನುವ ಮೇಸ್ತ್ರಿ. ಆಧಾರ್ ಜೆರಾಕ್ಸುಗಳನ್ನು ಮೇಜಿನ ಮೇಲೆ ಹರಡಿಬಿಡುವ ತೋಟದ ಆಫೀಸು. ಸಿಮ್ ಕೊಡುವಾಗ ಕಾರಣ ಹೇಳದೆ ಎರಡೆರಡು ಸಲ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಂಗಡಿಯವನು. ಇವರೆಲ್ಲರೂ ಕಳ್ಳರೆಂದು ನಾವು ಹೇಳುತ್ತಿಲ್ಲ. ಕಳ್ಳನಿಗೆ ಬಾಗಿಲು ತೆರೆದಿಡುತ್ತಾರೆ ಎನ್ನುತ್ತೇವೆ. ಕೂಲಿಗಾರನ ಕಾರ್ಡು ಕೂಲಿಗಾರನ ಕೈಯಲ್ಲಿರಬೇಕು. ಇದು ಯಾರೂ ಮಾಡುವ ಉಪಕಾರವಲ್ಲ, ನಮ್ಮ ಹಕ್ಕು.

ಹಕ್ಕು ಎಂದು ಸುಮ್ಮನೆ ಹೇಳುತ್ತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ತೀರ್ಪು ಬಂಗಲೆಯವರಿಗೆ ಮಾತ್ರವಲ್ಲ, ಲೈನುಮನೆಯವರಿಗೂ ಸೇರಿದ್ದು. ಅದೇ ವರ್ಷದ ಜುಲೈ 6ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೀಗೆ ಆದೇಶಿಸಿತು: ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹೊರಗಿನವರ ಮೋಸದಿಂದ ಹಣ ಹೋಗಿ, ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಗ್ರಾಹಕನದೇ ಅಜಾಗರೂಕತೆ ಇದ್ದರೂ, ದೂರು ಕೊಟ್ಟ ಮೇಲೆ ಹೋದ ಹಣಕ್ಕೆ ಬ್ಯಾಂಕೇ ಹೊಣೆ. ಆದ್ದರಿಂದ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡ ಮಾಡಿದಷ್ಟೂ ನಷ್ಟ ನಮಗೇ.

ಗಡಿಯಲ್ಲಿರುವ ನಮಗೆ ಇನ್ನೊಂದು ಕಾಟವಿದೆ. ಫೋನು ಗೌರಿಬಿದನೂರಿನ ಹತ್ತಿರ ರೈಲಿನಲ್ಲಿ ಹೋಯಿತು ಎಂದರೆ ಹಿಂದೂಪುರದಲ್ಲಿ "ಅದು ಕರ್ನಾಟಕ". ಪಾವಗಡದ ಬಸ್ಸಿನಲ್ಲಿ ಹೋಯಿತು ಎಂದರೆ ಕಲ್ಯಾಣದುರ್ಗದಲ್ಲಿ "ನಮ್ಮ ಸರಹದ್ದಲ್ಲ" ಎಂಬ ಉತ್ತರ ಬರಬಹುದು. ಈ ಉತ್ತರವನ್ನು ಒಪ್ಪಿಕೊಂಡು ಹಿಂದಿರುಗಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕಳ್ಳತನದಂಥ ಅಪರಾಧದ ದೂರನ್ನು ಸರಹದ್ದು ಯಾವುದೇ ಇರಲಿ ಠಾಣೆಯಲ್ಲಿ ಕೊಡಬಹುದು. ದಾಖಲಾದ ದೂರಿನ ಪ್ರತಿಯನ್ನು ಪುಕ್ಕಟೆ ಕೊಡಬೇಕು. "ಕಳೆದುಹೋಯಿತು ಅಂತ ಬರಿ" ಎಂದರೆ, ಕಳುವಾಗಿದ್ದರೆ ಕಳುವಾಯಿತೆಂದೇ ಬರೆಯಿಸಿ.

ಈಗ ಪ್ರತಿ ಮನೆಯಲ್ಲೂ ಮಾಡಬೇಕಾದದ್ದು:

1. ಸಿಮ್ಮಿಗೇ ಪಿನ್ ಹಾಕಿಸಿ. ಸಿಮ್ ಕಂಪನಿಯ ಮೊದಲ ಪಿನ್ ಕೇಳಿ ತಿಳಿದುಕೊಂಡೇ ಬದಲಾಯಿಸಿ. ಮೂರು ಸಲ ತಪ್ಪಿದರೆ ಸಿಮ್ ಮುಚ್ಚಿಕೊಳ್ಳುತ್ತದೆ. ಈ ಪಿನ್ ಇದ್ದರೆ ಸಿಮ್ಮನ್ನು ಬೇರೆ ಫೋನಿಗೆ ಹಾಕಿದರೂ ಕಳ್ಳನಿಗೆ ಉಪಯೋಗವಿಲ್ಲ.

2. ಫೋನಿನ ಲಾಕಿಗೂ ಯುಪಿಐಗೂ ಬೇರೆ ಬೇರೆ ಸಂಖ್ಯೆ ಇರಲಿ. ಹುಟ್ಟಿದ ವರ್ಷ ಬೇಡ, 1234 ಬೇಡ.

3. ಕಾರ್ಡು, ಆಧಾರ್, ಪಾಸ್‌ಬುಕ್ಕುಗಳ ಫೋಟೋಗಳನ್ನು ಫೋನಿನಿಂದ ಅಳಿಸಿ. ಪ್ರತಿ ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡಿ.

4. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. 1947ಕ್ಕೆ ಫೋನು ಮಾಡಿ ವಿಚಾರಿಸಿ. ರೇಷನ್ ಅಥವಾ ಪಿಂಚಣಿಗೆ ಬೆರಳು ಒತ್ತುವ ಮೊದಲು ಬೀಗ ತೆಗೆಯಬೇಕೆಂಬುದು ನೆನಪಿರಲಿ.

5. *#06# ಒತ್ತಿದರೆ ಬರುವ 15 ಅಂಕಿಗಳನ್ನು ರೇಷನ್ ಕಾರ್ಡಿನ ಜೊತೆ ಬರೆದಿಡಿ.

6. ಫೋನು ಹೋದ ಕೂಡಲೇ ಪಕ್ಕದವರ ಫೋನಿನಿಂದ ಮೊದಲು ಸಿಮ್ ನಿಲ್ಲಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಠಾಣೆಯ ದೂರಿನ ಪ್ರತಿ ಹಿಡಿದು ಅದೇ ನಂಬರಿನ ಹೊಸ ಸಿಮ್ ಪಡೆದು, ಸಂಚಾರ್ ಸಾಥಿಯಲ್ಲಿ ಆ 15 ಅಂಕಿ ಕೊಟ್ಟು ಫೋನನ್ನೇ ನಿಲ್ಲಿಸಿ.

ಅಕ್ಷರ ಬಲ್ಲ ಯುವಕ ಯುವತಿಯರು ವಾರಕ್ಕೊಂದು ಸಂಜೆ ಲೈನಿನ ಹಿರಿಯರ ಜೊತೆ ಕುಳಿತು ಇವನ್ನು ಮಾಡಿಸಿಕೊಡಲಿ. ಪಿನ್ ಒತ್ತುವಾಗ ಮುಖ ಆಚೆ ತಿರುಗಿಸಲಿ; ಮಗನೇ ಆಗಲಿ, ಅದೇ ಮರ್ಯಾದೆ.

ಮುಂದಿನ ಕಾರ್ಮಿಕರ ಸಭೆಯಲ್ಲಿ ಕೂಲಿ ದರದ ಜೊತೆ ಈ ಮೂರು ಬೇಡಿಕೆಗಳನ್ನೂ ಇಡೋಣ. ಕಾರ್ಮಿಕರ ಕಾರ್ಡುಗಳನ್ನು ಯಾರೂ ಇಟ್ಟುಕೊಳ್ಳಬಾರದು. ಆಫೀಸಿನಲ್ಲಿರುವ ಆಧಾರ್ ಪ್ರತಿಗಳಿಗೆ ಬೀಗ ಬೀಳಬೇಕು. ಬ್ಯಾಂಕಿನವರು ಕನ್ನಡದಲ್ಲೂ ತೆಲುಗಿನಲ್ಲೂ ಈ ವಿಷಯಗಳನ್ನು ತಿಳಿಸಿ ಹೇಳಬೇಕು. ಬಿಸಿಲಲ್ಲಿ ದುಡಿದು ಗಳಿಸಿದ ಕೂಲಿ ಮನೆ ಸೇರುವವರೆಗೂ ಅದನ್ನು ಕಾಯುವುದು ಕಾರ್ಮಿಕ ಸಂಘಟನೆಯ ಕೆಲಸವೇ.