ಹೃದಯಪೂರ್ವಕವಾದ ಕ್ಷಮೆ



ನಾನು ಮಾಸ್ತರನಾಗಿದ್ದಾಗ ಹುಡುಗರಿಬ್ಬರು ಹೊಡೆದಾಡಿದರೆ ಅವರನ್ನು ಎದುರುಬದುರು ನಿಲ್ಲಿಸಿ, ಒಬ್ಬನಿಂದ "ತಪ್ಪಾತು" ಎಂದೂ ಇನ್ನೊಬ್ಬನಿಂದ "ಕ್ಷಮಾ ಮಾಡೀನಿ" ಎಂದೂ ಹೇಳಿಸುತ್ತಿದ್ದೆ. ಅಲ್ಲಿಗೆ ಪ್ರಕರಣ ಮುಗಿಯಿತೆಂದು ನನ್ನ ಭಾವನೆ. ಅದೇ ಸಂಜೆ ಊರ ದಾರಿಯಲ್ಲಿ ಜಗಳ ಮತ್ತೆ ಆರಂಭವಾಗುತ್ತಿತ್ತು. ಇದನ್ನು ಓದುತ್ತಿರುವ ಕೆಲವರಿಗೆ ಅದು ನೆನಪಿರಬಹುದು. ತಪ್ಪು ಹುಡುಗರದಲ್ಲ, ನನ್ನದು. ತುಟಿಯ ಮಾತನ್ನೇ ಹೃದಯದ ಮಾತೆಂದು ನಾನು ತಿಳಿದಿದ್ದೆ.

ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಪೇತ್ರನು ಎಷ್ಟು ಸಲ ಕ್ಷಮಿಸಬೇಕೆಂದು ಯೇಸುಸ್ವಾಮಿಯನ್ನು ಕೇಳುತ್ತಾನೆ. ಏಳು ಸಲ ಸಾಕೇ ಎಂಬುದು ಅವನ ಲೆಕ್ಕ. ಉತ್ತರವಾಗಿ ಸ್ವಾಮಿಯು ಒಂದು ಸಾಮ್ಯವನ್ನು ಹೇಳುತ್ತಾನೆ. ಅರಸನಿಗೆ ಹತ್ತು ಸಾವಿರ ತಲಾಂತು ಕೊಡಬೇಕಾಗಿದ್ದ ಸೇವಕನು ಆ ಸಾಲದಿಂದ ಮುಕ್ತನಾದ ಮೇಲೆ, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿಯೆಂದರೆ ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತು ಸುಮಾರು 6,000 ದಿನಾರಿ. ಅಂದರೆ ಅವನಿಗೆ ಬಿಟ್ಟುಕೊಟ್ಟದ್ದು ಆರು ಕೋಟಿ ದಿನಗಳ ಕೂಲಿ, ಅವನು ಬಿಡಲೊಲ್ಲದೆ ಹೋದದ್ದು ನೂರು ದಿನಗಳ ಕೂಲಿ. ಆರು ಲಕ್ಷಕ್ಕೆ ಒಂದರ ಪ್ರಮಾಣ! ಸಾಮ್ಯದ ಕೊನೆಯಲ್ಲಿ ಸ್ವಾಮಿಯು ಕೇಳುವುದು ಹೃದಯದಿಂದ ಬಂದ ಕ್ಷಮೆಯನ್ನು. ಅಲ್ಲಿ ಎಣಿಕೆಗೆ ಸ್ಥಳವೇ ಇಲ್ಲ.

ಇದು ಮನುಷ್ಯರಿಂದ ಸಾಧ್ಯವೇ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವವರು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ ಸ್ಟೇನ್ಸ್ ಹಾಗೂ ಪುತ್ರರಾದ ಫಿಲಿಪ್ ಮತ್ತು ತಿಮೊಥಿ, ವಾಹನದಲ್ಲಿ ಮಲಗಿದ್ದಾಗ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಬಲಿಯಾದರು. ಕೊಂದವರನ್ನು ಕ್ಷಮಿಸಿದ್ದೇನೆಂದು ಆ ತಾಯಿ ಹೇಳಿದರು. ಹೇಳಿ ಸ್ವದೇಶವಾದ ಆಸ್ಟ್ರೇಲಿಯಕ್ಕೆ ಹೊರಟುಹೋಗಲಿಲ್ಲ. ಮಗಳೊಂದಿಗೆ ಬಾರಿಪದದಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆಯನ್ನು 2004ರವರೆಗೆ ಮುಂದುವರಿಸಿದರು. 2005ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು. ಇತ್ತ ನ್ಯಾಯಾಲಯವೂ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಗೆ 2003ರಲ್ಲಿ ಮರಣದಂಡನೆಯಾಯಿತು. 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಕ್ಷಮೆಯೆಂದರೆ ನ್ಯಾಯವನ್ನು ಕೈಬಿಡುವುದಲ್ಲವೆಂದು ಇದರಿಂದ ತಿಳಿಯಬೇಕು. ನೊಂದವರಿಗೆ "ಬೇಗ ಕ್ಷಮಿಸಿಬಿಡಿ" ಎಂದು ಹೊರಗಿನವರು ಒತ್ತಾಯ ಮಾಡುವುದೂ ಸರಿಯಲ್ಲ. ನಾನು ಆ ಹುಡುಗರಿಗೆ ಮಾಡಿದ್ದು ಅಂಥದೇ ಒತ್ತಾಯ.

ಈ ಗುಣ ಒಂದೇ ಧರ್ಮದವರ ಸ್ವತ್ತೆಂದು ನಾನು ಹೇಳಲಾರೆ. 1824ರ ಅಕ್ಟೋಬರಿನಲ್ಲಿ ಥ್ಯಾಕರೆ ಹತನಾದ ಕಿತ್ತೂರಿನ ಯುದ್ಧದಲ್ಲಿ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮ ಅವರನ್ನು ಹಿಂಸಿಸದೆ, ಗೌರವದಿಂದ ನಡೆಸಿಕೊಂಡು ಬಿಡುಗಡೆ ಮಾಡಿದಳು. ಅದೇ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿದ. ರಾಣಿಗೆ ಮಾತ್ರ ಕಂಪನಿ ಸರಕಾರದಿಂದ ಅಂಥ ಔದಾರ್ಯ ದೊರೆಯಲಿಲ್ಲ. 1829ರಲ್ಲಿ ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ ಆಕೆ ತೀರಿಕೊಂಡಳು.

ಇನ್ನು ನನ್ನ ಮಾತು. ಬಂಧುಗಳಲ್ಲಿ ಕೆಲವರು ಬಲ್ಲಿರಿ, ಹೊಲದ ಒಡ್ಡಿನ ಸಲುವಾಗಿ ದೊಡ್ಡಪ್ಪನ ಮಗನೊಂದಿಗೆ ನಾನು ಹನ್ನೊಂದು ವರ್ಷ ಮಾತು ಬಿಟ್ಟಿದ್ದೆ. ಪ್ರತಿ ಕ್ರಿಸ್‌ಮಸ್ಸಿಗೆ ಮಕ್ಕಳ ಕೈಯಲ್ಲಿ ಕರಚಿಕಾಯಿಯ ತಾಟು ಕಳಿಸುತ್ತಿದ್ದೆ, ನಾನು ಹೋಗುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ "ಅಣ್ಣನನ್ನು ಕ್ಷಮಿಸಿದ್ದೇನೆ" ಎನ್ನುತ್ತಿದ್ದೆ. ಹೇಳಿದಾಗಲೆಲ್ಲ ನಾನು ಅವರಿಗಿಂತ ಮೇಲಿನವನೆಂಬ ಒಂದು ಸಂತೋಷ ಒಳಗೆ ಇರುತ್ತಿತ್ತು. ಅವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ಹೆಂಡತಿಯ ಒತ್ತಾಯಕ್ಕೆ ಹೋದೆ. ಅವರು ಎಡಗೈ ಎತ್ತಿ, "ಬಾ ತಮ್ಮಾ, ಕೂಡು, ಚಾ ಕುಡಿ" ಎಂದರು. ಒಡ್ಡಿನ ಸುದ್ದಿ ಅವರ ಬಾಯಲ್ಲಿ ಬರಲಿಲ್ಲ.

ಮುಂದೆ ಇಬ್ಬರೂ ಒಪ್ಪಿ ಸರ್ವೆ ಮಾಡಿಸಿದೆವು. ಒತ್ತಿ ಬಂದವನು ನಾನೇ ಎಂದು ಅಳತೆ ಹೇಳಿತು. ಇಲ್ಲದ ಸಾಲವನ್ನು ಹನ್ನೊಂದು ವರ್ಷ "ಕ್ಷಮಿಸುತ್ತ" ಬಂದಿದ್ದೆ! ಕ್ಷಮೆ ಕೇಳಬೇಕಾದವನು ನಾನಾಗಿದ್ದೆ. ಕೇಳಿದೆ. ಅವರು ನಕ್ಕು, ಸೊಸೆಗೆ ಮತ್ತೆ ಚಾ ಇಡಲು ಹೇಳಿದರು. ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಆ ಎರಡು ವರ್ಷಗಳು ನನಗೆ ದೊರೆತದ್ದು ದೇವರ ಕೃಪೆ; ಕಳೆದುಕೊಂಡ ಹನ್ನೊಂದು ವರ್ಷಗಳು ತಿರುಗಿ ಬಾರವು.

ಆದಕಾರಣ ನಿಮ್ಮ ಹಳೆಯ ಮಾಸ್ತರನಾಗಿ ಒಂದು ಮನೆಗೆಲಸ ಕೊಡುತ್ತೇನೆ. ಯಾರನ್ನು ಕ್ಷಮಿಸಿದ್ದೀರೆಂದು ನೀವು ಹೇಳಿಕೊಳ್ಳುತ್ತೀರೋ ಅವರ ಮನೆಗೆ ಈ ತಿಂಗಳಲ್ಲಿ ಒಮ್ಮೆ ಹೋಗಿ ಬನ್ನಿ. ತಾಟು ಕಳಿಸಬೇಡಿ, ನೀವೇ ಹೋಗಿ. ಹೋಗಲು ಕಾಲು ಏಳದಿದ್ದರೆ ಕ್ಷಮೆ ಇನ್ನೂ ಹೃದಯಕ್ಕೆ ಇಳಿದಿಲ್ಲವೆಂದು ತಿಳಿದು, ಅದಕ್ಕಾಗಿ ಪ್ರಾರ್ಥಿಸಿರಿ.

ಎಲ್ಲರಿಗೂ ಶುಭವಾಗಲಿ.