ಪ್ರಸ್ತಾವನೆಯಿಲ್ಲದ ಪ್ರಾಜೆಕ್ಟು

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಬಂಧುಗಳೇ,

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ. ಕೆಲವರು ನನ್ನದೇ ವೃತ್ತಿಯನ್ನು ಹಿಡಿದು ಮೇಜಿನ ಈಚೆ ಬದಿಗೆ ಬಂದಿದ್ದೀರಿ. ಆದಕಾರಣ ಈ ಸಲ ಹಳೆಯ ನೆನಪುಗಳನ್ನು ಬದಿಗಿಟ್ಟು ಒಂದು ಜಗಳಕ್ಕೆ ನಿಂತಿದ್ದೇನೆ. ಜಗಳ ನಿಮ್ಮೊಡನೆಯೇ. ಪ್ರೀತಿಯಿಲ್ಲದವರೊಡನೆ ಜಗಳವಾಡುವ ವಯಸ್ಸು ನನ್ನದಲ್ಲ.

ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವ 'ಮಲ್ಟಿಮೀಡಿಯಾ ಪ್ರಾಜೆಕ್ಟು' ಎಂಬ ಆಚರಣೆಯ ಬಗ್ಗೆ ಹೇಳುತ್ತಿದ್ದೇನೆ. ಆಚರಣೆ ಎಂಬ ಪದವನ್ನು ತಿಳಿದೇ ಬಳಸಿದ್ದೇನೆ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಒಂದು ಶೀರ್ಷಿಕೆ ಮತ್ತು ಒಂದು ದಿನಾಂಕ ಬರೆಯುತ್ತಾರೆ. ಮಗು ಅದನ್ನು ಮನೆಗೆ ತರುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಒಂದು ಕಾಲದಲ್ಲಿ ಪುಸ್ತಕದ ಅಂಗಡಿಯ ಚಿತ್ರಪಟವನ್ನು ಕತ್ತರಿಸಿ ಅಂಟಿಸುತ್ತಿದ್ದರು. ಆಮೇಲೆ ಇಂಟರ್‌ನೆಟ್ ಕೇಂದ್ರದ ಹುಡುಗ ಸಿ.ಡಿ. ಮಾಡಿ ಕೊಡುತ್ತಿದ್ದ. ಅನಂತರ ಪೆನ್‌ಡ್ರೈವ್ ಬಂದಿತು. ಈಗಂತೂ ಮೊಬೈಲಿಗೆ ಒಂದು ವಾಕ್ಯ ಹೇಳಿದರೆ ಕೃತಕ ಬುದ್ಧಿಮತ್ತೆಯೇ ಬರೆಹ, ಚಿತ್ರ, ಧ್ವನಿ ಎಲ್ಲವನ್ನೂ ಹೊಂದಿಸಿ ಕೊಡುತ್ತದೆ. ಸಲಕರಣೆ ಮೂರು ಬಾರಿ ಬದಲಾಯಿತು, ಮಗು ಕಲಿಯದೆ ಉಳಿಯುವ ಕ್ರಮ ಮಾತ್ರ ಒಂದು ಸಲವೂ ಬದಲಾಗಲಿಲ್ಲ.

ನಮ್ಮ ಸೀಮೆಯ ಒಂದು ಶಾಲೆಯ ಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ಹೆಸರು ಬೇಡ. ಅಲ್ಲಿ 'ಹಟ್ಟಿ ಚಿನ್ನದ ಗಣಿ' ಎಂಬ ವಿಷಯದ ಮೇಲೆ ಐದು ಗುಂಪುಗಳ ಪ್ರದರ್ಶಿಕೆಗಳಿದ್ದವು. ಐದರಲ್ಲೂ ಒಂದೇ ಚಿತ್ರ: ಮೆಟ್ಟಿಲು ಮೆಟ್ಟಿಲಾಗಿ ಅಗೆದ, ಬಾಯ್ತೆರೆದ ದೊಡ್ಡ ಗುಂಡಿ, ಅದರ ಅಂಚಿನಲ್ಲಿ ಹಳದಿ ಲಾರಿಗಳು. ನಮ್ಮ ಗಣಿ ಆಳವಾದ ಶಾಫ್ಟುಗಳ, ಭೂಗರ್ಭದ ಗಣಿ. ಆ ಚಿತ್ರ ಯಾವುದೋ ಹೊರದೇಶದ್ದು. ಅದನ್ನು ತೋರಿಸುತ್ತಿದ್ದ ಬಾಲಕನ ತಂದೆ ಅದೇ ದಿನ ಎರಡನೆಯ ಪಾಳಿಗೆ ನೆಲದೊಳಗೆ ಇಳಿಯಲಿದ್ದರು. "ನಿನ್ನ ಅಪ್ಪನನ್ನು ಕೇಳಿದೆಯಾ?" ಎಂದೆ. "ಅಪ್ಪಂಗೇನ್ ಗೊತ್ತದ ಸರ್, ಇದು ಪ್ರಾಜೆಕ್ಟು" ಎಂದ. ಆ ಬಾಲಕನಿಗೆ ಪೂರ್ಣ ಅಂಕಗಳು ದೊರೆತವು.

ಈ ಮಾತಿನಲ್ಲಿರುವ ಅಪಾಯವನ್ನು ಗಮನಿಸಿ. ಮೂವತ್ತು ವರ್ಷ ಬಂಡೆಯನ್ನು ಕೊರೆದವನ ಅರಿವು ಅರಿವಲ್ಲ, ಪರದೆಯ ಮೇಲೆ ಬಂದದ್ದೇ ಅರಿವು ಎಂದು ಶಾಲೆಯೇ ಮಗುವಿಗೆ ಕಲಿಸಿದಂತಾಯಿತು. ತಂದೆಯನ್ನು ಮಗನ ಕಣ್ಣಿನಲ್ಲಿ ಅಜ್ಞಾನಿಯನ್ನಾಗಿಸುವ ಪಾಠಕ್ಕೆ ನಾವು ಅಂಕ ಕೊಡುತ್ತಿದ್ದೇವೆ.

ಕನ್ನಡ ಪಠ್ಯಪುಸ್ತಕಗಳು ಪ್ರಾಜೆಕ್ಟನ್ನು 'ಯೋಜನಾಕಾರ್ಯ' ಎನ್ನುತ್ತವೆ. ಎಷ್ಟು ಅರ್ಥವತ್ತಾದ ಪದ! ಮೊದಲು ಯೋಜನೆ, ಆಮೇಲೆ ಕಾರ್ಯ. ನಾವು ಯೋಜನೆಯನ್ನು ಕೈಬಿಟ್ಟು ಕಾರ್ಯವನ್ನು ಮಾತ್ರ ಉಳಿಸಿಕೊಂಡೆವು. ಆ ಕಾರ್ಯವನ್ನೂ ಅಂಗಡಿಯವನಿಗೋ ಯಂತ್ರಕ್ಕೋ ವಹಿಸಿದೆವು. ನನ್ನ ವಾದ ಇಷ್ಟೇ: ವಿದ್ಯಾರ್ಥಿಯು ಕ್ಯಾಮೆರಾ ಮುಟ್ಟುವ ಮೊದಲು ತನ್ನ ಕೈಬರೆಹದಲ್ಲಿ ಎರಡು ಪುಟಗಳ ಪ್ರಸ್ತಾವನೆ ಬರೆಯಬೇಕು. ಅದನ್ನು ಶಿಕ್ಷಕರ ಮುಂದೆ ನಿಂತು ಸಮರ್ಥಿಸಬೇಕು. ಒಪ್ಪಿಗೆ ದೊರೆಯದೆ ಕೆಲಸ ಆರಂಭವಾಗಬಾರದು. ಪ್ರಾಜೆಕ್ಟಿನಲ್ಲಿ ಕಲಿಕೆ ಎಂಬುದಿದ್ದರೆ ಅದರ ಮುಕ್ಕಾಲು ಪಾಲು ಆ ಎರಡು ಪುಟಗಳಲ್ಲಿಯೇ ಇದೆ.

ಆ ಪುಟಗಳಲ್ಲಿ ಐದು ಪ್ರಶ್ನೆಗಳಿಗೆ ಉತ್ತರ ಇರಬೇಕು. ನಾನು ಕಂಡುಕೊಳ್ಳಬೇಕೆಂದಿರುವುದು ಏನು? ಇದನ್ನು ಯಾರಿಗಾಗಿ ಮಾಡುತ್ತಿದ್ದೇನೆ? ಸಾಕ್ಷ್ಯ ಎಲ್ಲಿ ದೊರೆಯುತ್ತದೆ? ಯಾವ ಭಾಗಕ್ಕೆ ಧ್ವನಿ, ಯಾವ ಭಾಗಕ್ಕೆ ಚಿತ್ರ, ಯಾವ ಭಾಗಕ್ಕೆ ಬರೆಹ, ಮತ್ತು ಏಕೆ? ಯಾರ ಅನುಮತಿ, ಎಷ್ಟು ದಿನ, ಎಷ್ಟು ಖರ್ಚು, ಯಾರಿಗೆ ಯಾವ ಕೆಲಸ?

'ಮಸ್ಕಿಯ ಅಶೋಕ ಶಾಸನ' ಎಂಬುದು ಶೀರ್ಷಿಕೆ ಮಾತ್ರ, ಪ್ರಶ್ನೆಯಲ್ಲ. ಶೀರ್ಷಿಕೆ ಕೊಟ್ಟರೆ ಮಗು ನಕಲು ಮಾಡುತ್ತದೆ, ಏಕೆಂದರೆ ಶೀರ್ಷಿಕೆಗೆ ಉತ್ತರವಿಲ್ಲ, ಭರ್ತಿ ಮಾತ್ರ ಇದೆ. ಅದನ್ನೇ ಪ್ರಶ್ನೆಯಾಗಿಸಿ ನೋಡಿ. 1915ರಲ್ಲಿ ಆ ಶಾಸನವನ್ನು ಬೆಳಕಿಗೆ ತಂದವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರು. ಚಿನ್ನ ಹುಡುಕುವವರಿಗೆ ಮಸ್ಕಿಯ ಗುಡ್ಡದಲ್ಲಿ ಏನು ಕೆಲಸ? ಇದು ಪ್ರಶ್ನೆ. ಇದರ ಬೆನ್ನು ಹತ್ತಿದ ಮಗು ಹಟ್ಟಿಯನ್ನೂ ಮಸ್ಕಿಯನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಲೇಬೇಕಾಗುತ್ತದೆ. ಇನ್ನೂ ಮುಂದೆ ಹೋದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಎದುರಾಗುತ್ತದೆ. ಅಶೋಕನ ರಾಜಕುಮಾರನೂ ಮಹಾಮಾತ್ರರೂ 'ಸುವರ್ಣಗಿರಿ'ಯಿಂದ ಆಜ್ಞೆ ಕಳುಹಿಸಿದರೆಂದು ಅಲ್ಲಿ ಬರೆದಿದೆ. ಆ ಸುವರ್ಣಗಿರಿ ಯಾವುದು? ಮಸ್ಕಿ ಎಂದವರಿದ್ದಾರೆ, ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದವರಿದ್ದಾರೆ, ಆಂಧ್ರದ ಜೊನ್ನಗಿರಿ ಎಂದವರೂ ಇದ್ದಾರೆ. ವಿದ್ವಾಂಸರೇ ಇನ್ನೂ ಒಮ್ಮತಕ್ಕೆ ಬರದ ಪ್ರಶ್ನೆ ಹತ್ತನೆಯ ತರಗತಿಯ ಮಗುವಿನ ಬಸ್ ದಾರಿಯಲ್ಲಿಯೇ ಬಿದ್ದಿದೆ. ನಾವು ಆ ಮಗುವಿಗೆ ತಾಜಮಹಲಿನ ಬಗ್ಗೆ ಪ್ರದರ್ಶಿಕೆ ಮಾಡು ಎನ್ನುತ್ತೇವೆ!

ಸಾಕ್ಷ್ಯದ ಪ್ರಶ್ನೆಯೂ ಅಷ್ಟೇ ಮುಖ್ಯ. 'ಅಶೋಕನ ಹೆಸರಿರುವ ಏಕೈಕ ಶಾಸನ ಮಸ್ಕಿಯದು' ಎಂಬ ವಾಕ್ಯ ಇಂದಿಗೂ ಮಕ್ಕಳ ಪ್ರಾಜೆಕ್ಟುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರು ಮೊದಲು ದೊರೆತದ್ದು ಮಸ್ಕಿಯಲ್ಲಿ, ಅದು ನಮ್ಮ ಹೆಮ್ಮೆ. ಆದರೆ ಅನಂತರ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತಿದೆ. 'ಏಕೈಕ' ಮತ್ತು 'ಮೊದಲ' ಎಂಬೆರಡು ಪದಗಳ ಅಂತರವನ್ನು ತಾನೇ ಕಂಡುಹಿಡಿದ ಮಗು ಆಮೇಲೆ ಯಾವ ಪರದೆಯನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ಮೊಬೈಲಿಗೆ ಬಂದ ಸುಳ್ಳೆಲ್ಲ ಸತ್ಯವೆಂದು ಹಂಚಿಕೊಳ್ಳುತ್ತಿರುವ ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಯಾವುದು?

ಇನ್ನು ನಮ್ಮ ಹಟ್ಟಿಯ ಮಾತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯ ಗಣಿ ಇಂದಿಗೂ ಚಿನ್ನ ತೆಗೆಯುತ್ತಿದೆ. ಇಲ್ಲಿಯ ಪ್ರಾಚೀನ ಅಗೆತಗಳು ಆರುನೂರು ಅಡಿಗೂ ಮೀರಿದ ಆಳಕ್ಕೆ ಇಳಿದಿದ್ದವು. ಅವುಗಳಲ್ಲಿ ದೊರೆತ ಕಟ್ಟಿಗೆಯ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಮದ್ದಿಲ್ಲದ, ಯಂತ್ರವಿಲ್ಲದ ಕಾಲದಲ್ಲಿ ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ ಸೀಳಿ ಒಳನುಗ್ಗಿದ ಜನರ ನೆಲ ಇದು. ಈ ಗಣಿಯ ಬಗ್ಗೆ ಪ್ರಾಜೆಕ್ಟು ಮಾಡಹೊರಟ ಮಗು ಪ್ರಸ್ತಾವನೆ ಬರೆಯುವಾಗಲೇ ಒಂದು ಗೋಡೆಗೆ ಮುಖ ಕೊಡುತ್ತದೆ: ಕಾನೂನಿನ ಪ್ರಕಾರ ಹದಿನೆಂಟು ತುಂಬದವರಿಗೆ ಗಣಿಯೊಳಗೆ ಪ್ರವೇಶವಿಲ್ಲ. ಹಾಗಾದರೆ ಒಳಗಿನದನ್ನು ತೋರಿಸುವುದು ಹೇಗೆ?

ಈ ಅಡ್ಡಿಯೇ ಗುರು. ಕಣ್ಣಿಗೆ ನಿಷೇಧವಿದೆ, ಕಿವಿಗೆ ಇಲ್ಲ. ಶಾಫ್ಟಿನ ಕೇಜಿನಲ್ಲಿ ಇಳಿಯುವಾಗ ಕಿವಿ ಗುಂಯ್ಗುಡುವ ಬಗೆ, ಮದ್ದು ಸಿಡಿದ ಮೇಲಿನ ವಾಸನೆ, ಬಂಡೆಯನ್ನು ತಟ್ಟಿ ಅದರ ಸದ್ದಿನಿಂದಲೇ ಸಡಿಲವೋ ಗಟ್ಟಿಯೋ ಎಂದು ತಿಳಿಯುವ ಕೌಶಲ, ಇವುಗಳನ್ನು ನಿವೃತ್ತ ಕಾರ್ಮಿಕರು ಹೇಳಬಲ್ಲರು, ಮಗು ಧ್ವನಿಮುದ್ರಿಸಬಲ್ಲುದು. ಗಣಿಯ ಒಳಭಾಗಕ್ಕೆ ಧ್ವನಿ, ಗಣಿಯ ರಚನೆಗೆ ಕೈಯಲ್ಲಿ ಬರೆದ ಅಡ್ಡಕೊಯ್ತದ ರೇಖಾಚಿತ್ರ, ಊರಿಗೆ ಛಾಯಾಚಿತ್ರ, ಪದಗಳ ಅರ್ಥಕ್ಕೆ ಬರೆಹ: ಈ ವಿಂಗಡಣೆ ತಿಳಿದರೆ ಅದೇ ಮಲ್ಟಿಮೀಡಿಯಾ. ಬಣ್ಣಬಣ್ಣದ ಅಕ್ಷರಗಳು ಪರದೆಯ ಮೇಲೆ ಗಿರಕಿ ಹೊಡೆಯುವುದು ಮಲ್ಟಿಮೀಡಿಯಾ ಅಲ್ಲ.

ಆತುರಪಡಲು ಇನ್ನೊಂದು ಕಾರಣವಿದೆ. ಯಂತ್ರಗಳು ಕಡಿಮೆಯಿದ್ದ ಕಾಲದಲ್ಲಿ ದುಡಿದ ಹಿರಿಯರು ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಕನ್ನಡ, ಉರ್ದು, ತೆಲುಗುಗಳು ಬೆರೆತ ಅವರ ಗಣಿಯ ಮಾತು ಯಾವ ನಿಘಂಟಿನಲ್ಲಿಯೂ ಇಲ್ಲ. ನಾವು ಮಕ್ಕಳಿಂದ ಅಂತರ್ಜಾಲದ ನಕಲು ಮಾಡಿಸುತ್ತಿರುವ ಪ್ರತಿ ವರ್ಷವೂ ನಾಲ್ಕಾರು ಧ್ವನಿಗಳು ಮಣ್ಣಾಗುತ್ತಿವೆ. ನಷ್ಟ ಅಂಕದ್ದಲ್ಲ, ಊರಿನದು.

ಈಗ ನಿಮ್ಮ ಆಕ್ಷೇಪಗಳನ್ನು ನೋಡೋಣ.

'ಸಮಯವಿಲ್ಲ, ಹತ್ತನೆಯ ತರಗತಿ' ಎನ್ನುತ್ತೀರಿ. ಎಸ್.ಎಸ್.ಎಲ್.ಸಿ.ಯಲ್ಲಿ ಬಹುತೇಕ ವಿಷಯಗಳಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ 20ರ ಹೆಸರಿನಲ್ಲಿ ಈಗಾಗಲೇ ರಾತ್ರಿಗಳು ವ್ಯರ್ಥವಾಗುತ್ತಿವೆ. ನಾನು ಹೊಸ ಹೊರೆ ಹೇರುತ್ತಿಲ್ಲ. ಹತ್ತು ಟೊಳ್ಳು ಪ್ರಾಜೆಕ್ಟುಗಳ ಬದಲು ವರ್ಷಕ್ಕೆ ಒಂದೇ ಒಂದನ್ನು ಮಾಡಿಸಿ. ಎಂಟನೆಯ ತರಗತಿಯಲ್ಲಿಯೇ ಆರಂಭಿಸಿ.

'ಗಣಕಯಂತ್ರಗಳಿಲ್ಲ, ಇದ್ದರೂ ಕೆಟ್ಟಿವೆ' ಎನ್ನುತ್ತೀರಿ. ಈ ಶತಮಾನದ ಆರಂಭದಲ್ಲಿ 'ಮಾಹಿತಿ ಸಿಂಧು' ಎಂಬ ಹೆಸರಿನಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರ ಶಿಕ್ಷಣ ಬಂದಿತು. ಯಂತ್ರ ಬಂದ ಕಡೆಯೆಲ್ಲ ಪ್ರಶ್ನೆ ಕೇಳುವ ಅಭ್ಯಾಸ ತಾನಾಗಿ ಬರಲಿಲ್ಲ. ಪ್ರಸ್ತಾವನೆಗೆ ಬೇಕಾದದ್ದು ನೋಟುಬುಕ್ಕು ಮತ್ತು ಪೆನ್ಸಿಲು. ಪುಟವನ್ನು ಎಂಟು ಚೌಕಗಳಾಗಿ ಮಡಿಸಿ, ಪ್ರತಿ ಚೌಕದಲ್ಲಿ ಕಾಣುವ ಚಿತ್ರವನ್ನು ಮೇಲೆ, ಕೇಳುವ ಮಾತನ್ನು ಕೆಳಗೆ ಬರೆಸಿದರೆ ಸ್ಟೋರಿಬೋರ್ಡ್ ಸಿದ್ಧ. ಮೂರು ನಿಮಿಷದ ನಿರೂಪಣೆಗೆ ಮುನ್ನೂರು ಪದ ಸಾಕು. ಮುನ್ನೂರು ಪದಗಳಲ್ಲಿ ಹೇಳಬೇಕೆಂದಾಗ ಯಾವುದನ್ನು ಬಿಡಬೇಕೆಂಬ ವಿವೇಕ ಮೂಡುತ್ತದೆ. ಚಿತ್ರೀಕರಣಕ್ಕೆ ಇಡೀ ತರಗತಿಗೆ ಒಂದು ಮೊಬೈಲು ಸಾಕು.

'ಹಳ್ಳಿಯ ಮಕ್ಕಳಿಗೆ ಇದೆಲ್ಲ ಆದೀತೆ?' ಎನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಜಾರ್ಜಿಯಾ ರಾಜ್ಯದ ರಾಬನ್ ಗ್ಯಾಪ್ ಎಂಬ ಗುಡ್ಡಗಾಡಿನ ಊರಿನಲ್ಲಿ 1966ರಲ್ಲಿ ಪ್ರೌಢಶಾಲೆಯ ಮಕ್ಕಳು ಟೇಪ್ ರೆಕಾರ್ಡರ್ ಹಿಡಿದು ತಮ್ಮ ಅಜ್ಜಅಜ್ಜಿಯರ ಬಳಿಗೆ ಹೋದರು. ಮರದ ಮನೆ ಕಟ್ಟುವ ಬಗೆ, ಗಿಡಮೂಲಿಕೆಯ ಮದ್ದು, ಬೇಟೆಯ ಕ್ರಮಗಳನ್ನು ಕೇಳಿ ಬರೆದುಕೊಂಡರು. ಪತ್ರಿಕೆಗೆ 'ಫಾಕ್ಸ್‌ಫೈರ್' ಎಂಬ ಹೆಸರನ್ನು ಆರಿಸಿದವರೂ, ಮೊದಲ ಸಂಚಿಕೆಗೆ ಊರವರಿಂದ ಹಣ ಕೂಡಿಸಿದವರೂ ಅವರೇ. 1972ರಲ್ಲಿ ಅದು ಪುಸ್ತಕವಾಗಿ ದೇಶವೆಲ್ಲ ಓದಿತು. ಅವರ ಗುಡ್ಡದಲ್ಲಿ ಅಶೋಕನ ಶಾಸನವಿರಲಿಲ್ಲ, ಎರಡು ಸಾವಿರ ವರ್ಷದ ಚಿನ್ನದ ಗಣಿಯೂ ಇರಲಿಲ್ಲ. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಹ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿರಿ ಎಂದೇ ಮೊದಲು ಹೇಳಿತು. ನಾವು ಆ ವಾಕ್ಯವನ್ನು ತರಬೇತಿಗಳಲ್ಲಿ ಬರೆದುಕೊಂಡೆವು, ಟಿ.ಎ. ಪಡೆದೆವು, ಮನೆಗೆ ಬಂದೆವು.

ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಹೇಳುತ್ತೇನೆ: ಪ್ರಾಜೆಕ್ಟಿಗೆ ಮೀಸಲಾದ ಅಂಕಗಳಲ್ಲಿ ಅರ್ಧವನ್ನು ಪ್ರಸ್ತಾವನೆಗೇ ಇಡಿ. ಮೊದಲ ಕರಡನ್ನು ಕೆಂಪು ಗೆರೆ ಎಳೆದು ಹಿಂದಿರುಗಿಸಿ, ಎರಡನೆಯದನ್ನೂ ಬೇಕಾದರೆ ಹಿಂದಿರುಗಿಸಿ. ಯಂತ್ರ ಬರೆದುಕೊಟ್ಟ ಪ್ರಸ್ತಾವನೆ ನಾಲ್ಕು ಮೌಖಿಕ ಪ್ರಶ್ನೆಗಳ ಎದುರು ನಿಲ್ಲಲಾರದು. ಹಿರಿಯರ ಧ್ವನಿ ಮುದ್ರಿಸುವ ಮುನ್ನ ಅವರ ಒಪ್ಪಿಗೆ ಕೇಳುವುದನ್ನೂ, ಮಸ್ಕಿಯ ಬಂಡೆಯ ಮೇಲೆ ಸೀಮೆಸುಣ್ಣ ತಿಕ್ಕಬಾರದೆಂಬುದನ್ನೂ, ಅನ್ಯರ ಚಿತ್ರ ಬಳಸಿದರೆ ಅವರ ಹೆಸರು ಹಾಕಬೇಕೆಂಬುದನ್ನೂ ಪ್ರಸ್ತಾವನೆಯ ಹಂತದಲ್ಲಿಯೇ ಕಲಿಸಿ. ಕೆಲಸ ಮುಗಿದ ಮೇಲೆ ಕಲಿಸಿದರೆ ಅದು ಬೈಗುಳವಾಗುತ್ತದೆ.

ತಂದೆತಾಯಿಗಳಾಗಿರುವವರಿಗೆ ಹೇಳುತ್ತೇನೆ: ಮಗುವಿನ ಪ್ರಾಜೆಕ್ಟು ನೀವು ಮಾಡಬೇಡಿ, ದುಡ್ಡು ಕೊಟ್ಟು ಮಾಡಿಸಬೇಡಿ. ಮಗು ನಿಮ್ಮ ಮುಂದೆ ಮೊಬೈಲು ಹಿಡಿದು ಕುಳಿತು "ನಿಮ್ಮ ಕೆಲಸದ ಬಗ್ಗೆ ಹೇಳಿ" ಎಂದು ಕೇಳಿದರೆ "ನಮಗೇನು ಗೊತ್ತು" ಎಂದು ಎದ್ದುಹೋಗಬೇಡಿ. ನಿಮಗೆ ಗೊತ್ತಿದೆ. ನಿಮಗೆ ಗೊತ್ತಿರುವುದು ಬೇರಾವ ಪರದೆಯಲ್ಲಿಯೂ ಸಿಕ್ಕುವುದಿಲ್ಲ.

ಈ ಬರೆಹ ಕಟುವಾಯಿತೆಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಬರುವ ಜೂನ್‌ನಲ್ಲಿ ಶಾಲೆಗಳು ತೆರೆದ ಮೇಲೆ ನಿಮ್ಮ ಶಾಲೆಯ, ನಿಮ್ಮ ಮನೆಯ ಒಂದು ಮಗು ಬರೆದ ಎರಡು ಪುಟಗಳ ಪ್ರಸ್ತಾವನೆಯನ್ನು ನನಗೆ ಕಳುಹಿಸಿರಿ. ಅಕ್ಷರ ಸೊಟ್ಟಗಿರಲಿ, ಕಾಗುಣಿತ ತಪ್ಪಿರಲಿ, ಪ್ರಶ್ನೆ ಮಾತ್ರ ಮಗುವಿನದೇ ಆಗಿರಲಿ. ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ನು ಹಿಡಿದು, ಪ್ರತಿಯೊಂದನ್ನೂ ತಿದ್ದಿ ಹಿಂದಿರುಗಿಸುವುದು ನನ್ನ ಹೊಣೆ.

ನಿಮ್ಮ ಹಳೆಯ ಮಾಸ್ತರ
ಹಟ್ಟಿ